ಹೆರಿಗೆ ಡಾಕ್ಟರ್ ಆಗುವ ದಾರಿ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮಕ್ಕಳಿಗೆ

ಪಿಯುಸಿ ರಿಸಲ್ಟ್ ಬಂದ ವಾರ ಒಪಿಡಿಗೆ ಬರುವ ಕೆಲವು ತಾಯಂದಿರು ತಪಾಸಣೆ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ. "ಮೇಡಂ, ನಮ್ಮ ಹುಡುಗಿ ನಿಮ್ಮಂಗ ಹೆರಿಗಿ ಡಾಕ್ಟರ್ ಆಗ್ತೀನಂತಾಳ್ರಿ. ಎಷ್ಟ್ ವರ್ಷ ಓದಬೇಕು, ಏನ್ ಮಾಡಬೇಕು, ಹೇಳ್ರಲಾ" ಎನ್ನುತ್ತಾರೆ. ಹೊರಗೆ ಸಾಲು ನಿಂತಿರುವಾಗ ಎರಡು ಮಾತಿನಲ್ಲಿ ಮುಗಿಸುವಂಥದ್ದಲ್ಲ ಅದು. ಆ ತಾಯಂದಿರಿಗೆ, ಅವರ ಮಕ್ಕಳಿಗೆ, ಎಂಬಿಬಿಎಸ್ ಮುಗಿಸಿ ಯಾವ ಪಿಜಿ (ಸ್ನಾತಕೋತ್ತರ ಓದು) ತೆಗೆದುಕೊಳ್ಳಲಿ ಎಂದು ಯೋಚಿಸುತ್ತಿರುವವರಿಗೆ ಇದನ್ನು ಬರೆದಿದ್ದೇನೆ.

ಈ ವೃತ್ತಿಯಲ್ಲಿ ದಿನಾ ಎದುರಾಗುವುದು ಮೂರೇ ಪ್ರಶ್ನೆ. ಯಾವಾಗ ಕಾಯಬೇಕು, ಯಾವಾಗ ಕೈ ಹಾಕಬೇಕು, ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಇವಕ್ಕೆ ಉತ್ತರ ಹೊಳೆಯುವ ಬುದ್ಧಿ ಬಲಿಯಬೇಕಾದರೆ ಅನುಭವಸ್ಥರ ಕಣ್ಣೆದುರು ನಿಂತು ಬಹಳಷ್ಟು ಹೆರಿಗೆ ಮಾಡಿಸಿರಬೇಕು. ಆದ್ದರಿಂದ ಕಾಲೇಜೇ ಇರಲಿ, ಪಿಜಿ ಸೀಟೇ ಇರಲಿ, ಮೊದಲ ಕೆಲಸವೇ ಇರಲಿ, ಆರಿಸುವ ಮುಂಚೆ "ಇಲ್ಲಿ ನನ್ನ ಕೈಗೆ ಎಷ್ಟು ಹೆರಿಗೆ ಸಿಗುತ್ತವೆ, ಪಕ್ಕದಲ್ಲಿ ಯಾರು ನಿಂತಿರುತ್ತಾರೆ" ಎಂದು ಕೇಳಿಕೊಳ್ಳಿ. ಕಟ್ಟಡ, ಹೆಸರು, ಮನೆಗೆ ಹತ್ತಿರ ಅನ್ನುವುದೆಲ್ಲ ಆಮೇಲೆ.

ಇನ್ನು ವರ್ಷಗಳ ಲೆಕ್ಕ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ತಜ್ಞರಾಗುವ ಪಿಜಿ ಪದವಿ ಎಂಎಸ್ ಮೂರು ವರ್ಷ. ನಡುವೆ ಪಿಜಿ ಪ್ರವೇಶ ಪರೀಕ್ಷೆಯ ತಯಾರಿಗೆ ಬಹಳ ಮಂದಿಗೆ ಒಂದು ವರ್ಷವಾದರೂ ಹೋಗುತ್ತದೆ. ಹದಿನೆಂಟಕ್ಕೆ ಕಾಲೇಜು ಸೇರಿದವರು ತಜ್ಞರಾಗುವ ಹೊತ್ತಿಗೆ ಇಪ್ಪತ್ತೆಂಟರ ಆಸುಪಾಸು. ಹುಡುಗಿಯರ ಮನೆಯಲ್ಲಿ ಈ ಲೆಕ್ಕವನ್ನು ಮೊದಲೇ ಕೂತು ಮಾತಾಡಿ. ಪಿಜಿ ಎರಡನೇ ವರ್ಷದಲ್ಲಿ "ಮದುವಿ ಯಾವಾಗ" ಎಂಬ ಒತ್ತಡಕ್ಕೆ ಓದು ನಿಲ್ಲಿಸುವಂತಾದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಪಿಯುಸಿ ಮತ್ತು ನೀಟ್

ವಿಜ್ಞಾನದಲ್ಲಿ ಜೀವಶಾಸ್ತ್ರ ಇರಲೇಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬಿರಬೇಕು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು ಅಂಕ ಬರುತ್ತದೆ, ತಪ್ಪಿಗೆ ಒಂದು ಹೋಗುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಜೊತೆಗೆ ಇಂಗ್ಲಿಷ್ ಪಾಠವೂ ಇರುತ್ತದೆ. ಕನ್ನಡ ಮಾಧ್ಯಮದವರು ಹಿಂಜರಿಯಬೇಕಿಲ್ಲ. ಆದರೆ ಮುಂದೆ ಎಂಬಿಬಿಎಸ್ ಪಠ್ಯವೆಲ್ಲ ಇಂಗ್ಲಿಷ್, ಹಾಗಾಗಿ ಪಿಯುಸಿಯಲ್ಲೇ ಜೀವಶಾಸ್ತ್ರದ ಪದಗಳನ್ನು ಎರಡೂ ಭಾಷೆಯಲ್ಲಿ ರೂಢಿ ಮಾಡಿಕೊಳ್ಳಿ.

ಹಳ್ಳಿಯ ಮಕ್ಕಳು ಕೈಬಿಡಬಾರದ ಒಂದು ವಿಷಯವಿದೆ. ಸರ್ಕಾರಿ ಮೆಡಿಕಲ್ ಸೀಟಿನ ಶೇಕಡಾ 15ರಷ್ಟನ್ನು ಕೇಂದ್ರದ ಕೌನ್ಸೆಲಿಂಗ್ ತುಂಬುತ್ತದೆ, ಉಳಿದದ್ದು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಮೂಲಕ. ಕೆಇಎಯಲ್ಲಿ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದ ಮೀಸಲಾತಿಯೂ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದೀರಿ ಎಂಬ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಎರಡು-ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಯಿಂದಲೂ ತರಬೇಕು. ಕೌನ್ಸೆಲಿಂಗ್ ಬಂದಾಗ ಓಡಾಡಿದರೆ ಕೆಲಸ ಆಗುವುದಿಲ್ಲ, ನೀಟ್ ಬರೆಯುವ ಮೊದಲೇ ತೆಗೆದಿಟ್ಟುಕೊಳ್ಳಿ. ಗದಗಿನವರು ಪಕ್ಕದ ಕೊಪ್ಪಳದವರನ್ನು ನೋಡಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371 ಜೆ ಮೀಸಲಾತಿ ತಮಗೂ ಸಿಗುತ್ತದೆಂದು ತಿಳಿಯುವುದುಂಟು. ಧಾರವಾಡ, ಗದಗ, ಹಾವೇರಿ ಮೂರೂ ಆ ಪಟ್ಟಿಯಲ್ಲಿಲ್ಲ.

ನಮ್ಮ ಸುತ್ತಲಿನ ಕಾಲೇಜುಗಳು

ಹುಬ್ಬಳ್ಳಿ ವಿದ್ಯಾನಗರದ ಕಾಲೇಜು 1957ರದು. ಕೆಎಂಸಿ ಆಗಿ ಹುಟ್ಟಿ, ಕಿಮ್ಸ್ ಆಗಿ ಬೆಳೆದು, ಈಗ ಕೆಎಂಸಿಆರ್‌ಐ ಆಗಿದೆ. ಹಳ್ಳಿಯವರಿಗೆ ಮಾತ್ರ ಇವತ್ತಿಗೂ ಅದು "ಕೆಎಂಸಿ ದವಾಖಾನಿ". ಧಾರವಾಡದ ಸತ್ತೂರಿನಲ್ಲಿ 2003ರಿಂದ ಎಸ್‌ಡಿಎಂ ಇದೆ. ಗದಗಿನ ಮಲ್ಲಸಮುದ್ರದ ಜಿಮ್ಸ್ 2015ರಲ್ಲಿ ಶುರುವಾಯಿತು. ಹಾವೇರಿಯದು ತೀರಾ ಹೊಸದು. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದ ಘಟ್ಟದ ಮೇಲಿನ ಊರುಗಳು, ಎಲ್ಲೆಲ್ಲಿಂದಲೋ ಕಷ್ಟದ ಹೆರಿಗೆಗಳು ಬಂದು ಸೇರುವುದು ಹುಬ್ಬಳ್ಳಿಗೆ. ಕಲಿಯುವ ಕೈಗೆ ಇದು ದೊಡ್ಡ ಶಾಲೆ. ಎಂಬಿಬಿಎಸ್‌ಗೆ ಹೊಸ ಕಾಲೇಜು ಸಿಕ್ಕರೂ ಬೇಜಾರು ಬೇಡ, ಹೊಸ ಕಾಲೇಜಿನ ಲೇಬರ್ ರೂಮಿನಲ್ಲಿ ವಿದ್ಯಾರ್ಥಿಗಳ ನೂಕುನುಗ್ಗಲು ಕಡಿಮೆ ಇರುತ್ತದೆ.

ಎಂಬಿಬಿಎಸ್: ಕೇಳುವುದನ್ನು ಕಲಿಯುವ ಕಾಲ

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಸ್ತ್ರೀರೋಗ ಮತ್ತು ಪ್ರಸೂತಿಯ ಪರೀಕ್ಷೆ ಬರುವುದು ಕೊನೆಯ ವರ್ಷದಲ್ಲಿ. ಆದರೆ ವಾರ್ಡ್ ಪೋಸ್ಟಿಂಗ್ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಅಲ್ಲಿ ಕಲಿಯಬೇಕಾದ ಮೊದಲ ಕೆಲಸ ದಿನ ಲೆಕ್ಕ ಹಾಕುವುದು.

ಕೊನೆಯ ಮುಟ್ಟು ಶುರುವಾದ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಪುಸ್ತಕದಲ್ಲಿ ಇಷ್ಟೇ. ವಾರ್ಡಿನಲ್ಲಿ ಕುಂದಗೋಳದಿಂದಲೋ ಶಿರಹಟ್ಟಿಯಿಂದಲೋ ಬಂದ ಹುಡುಗಿಗೆ "ಕೊನೆಯ ಮುಟ್ಟಿನ ದಿನಾಂಕ ಏನು" ಎಂದರೆ ಅತ್ತೆಯ ಮುಖ ನೋಡುತ್ತಾಳೆ. "ಕಡಿಗಾಗಿದ್ದು ಯಾವಾಗವ್ವಾ, ಪಂಚಮಿ ಹಿಂದ ಏನ್ ಮುಂದ?" ಎಂದು ಕೇಳಿ. "ಪಂಚಮಿಗೆ ಉಂಡಿ ಕಟ್ಟೋ ಮುಂದ ಹೊರಗ ಕುಂತಿದ್ದೆರಿ, ನಾಗಪ್ಪಗ ಹಾಲ ಎರಿಲಿಲ್ಲ" ಎನ್ನುತ್ತಾಳೆ. ಈಗ ಲೆಕ್ಕ ಸಿಕ್ಕಿತು. 2024ರ ನಾಗರಪಂಚಮಿ ಆಗಸ್ಟ್ 9ಕ್ಕೆ ಬಿದ್ದಿತ್ತು. ಹಿಂದಿನ ದಿನ ಆಗಿದ್ದಳೆಂದರೆ ಆಗಸ್ಟ್ 8, ಹೆರಿಗೆ ಅಂದಾಜು 2025ರ ಮೇ 15. ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಊರ ಜಾತ್ರೆ, ಹೊಲದಲ್ಲಿ ಶೇಂಗಾ ಕಿತ್ತ ವಾರ, ಹೀಗೆ ಹಿಡಿದು ಬರಬೇಕು. ಅದಕ್ಕೂ ಮೊದಲು ಮುಟ್ಟು ಸರಿಯಾಗಿ ಬರುತ್ತಿತ್ತೇ, ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗಿದೆಯೇ ಎಂದು ತಾಳೆ ನೋಡಬೇಕು. ದಿನದ ಲೆಕ್ಕ ಮೂರು ವಾರ ತಪ್ಪಿದರೆ ಬಲಿಯದ ಕೂಸನ್ನು ದಿನ ತುಂಬಿದೆ ಎಂದು ಹೊರತೆಗೆಯುವ ಅನಾಹುತ ಆಗಬಹುದು. ಪಂಚಾಂಗದ ಕ್ಯಾಲೆಂಡರ್ ಒಪಿಡಿ ಗೋಡೆಗೆ ಇರಲೇಬೇಕು ಎಂದು ನಾನು ಹೇಳುವುದು ಅದಕ್ಕೆ.

ಇಂಟರ್ನ್‌ಶಿಪ್‌ನಲ್ಲಿ ಪ್ರಸೂತಿ ವಿಭಾಗಕ್ಕೆ, ಕುಟುಂಬ ಯೋಜನೆಯೂ ಸೇರಿ, ಏಳು ವಾರ ಸಿಗುತ್ತದೆ. ಪಿಜಿ ಪರೀಕ್ಷೆಗೆ ಓದುವ ನೆಪದಲ್ಲಿ ಈ ಏಳು ವಾರವನ್ನು ಸಹಿಗಷ್ಟೇ ಬಂದು ಕಳೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಶಾಖೆ ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ಖರ್ಚಿಲ್ಲದೆ ತಿಳಿಯುವ ಅವಕಾಶ ಇದೊಂದೇ. ರಾತ್ರಿ ಡ್ಯೂಟಿ ಕೇಳಿ ಹಾಕಿಸಿಕೊಳ್ಳಿ. ಹಿರಿಯ ಸ್ಟಾಫ್ ನರ್ಸ್ ಪಕ್ಕ ನಿಂತು ಸಹಜ ಹೆರಿಗೆ ಮಾಡಿಸಿ. ಬ್ಯಾನಿ ತಿನ್ನುವ ಹೆಣ್ಣುಮಗಳ ಕೂಗು, ರಕ್ತ, ಬೆಳಗಿನ ನಾಲ್ಕರ ದಣಿವು, ಎಲ್ಲ ಅನುಭವಿಸಿದ ಮೇಲೂ ಮರುದಿನ ಅಲ್ಲಿಗೇ ಹೋಗಬೇಕು ಅನ್ನಿಸಿದರೆ ಈ ದಾರಿ ನಿಮ್ಮದು.

ಪಿಜಿ ಸೀಟು ಆರಿಸುವುದು

ನೀಟ್-ಪಿಜಿ 200 ಪ್ರಶ್ನೆ, 800 ಅಂಕ, ಮೂರೂವರೆ ತಾಸು. ಸರ್ಕಾರಿ ಕಾಲೇಜಿನ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ, ಅರ್ಧ ರಾಜ್ಯಕ್ಕೆ. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ರಾಜ್ಯದಲ್ಲಿ ಬೇರೆ ಕೋಟಾ ಉಂಟು. ಪಿಎಚ್‌ಸಿಯಲ್ಲಿ ಸೇರಿ, ಕೆಲವು ವರ್ಷ ದುಡಿದು, ಆ ದಾರಿಯಿಂದ ಪಿಜಿಗೆ ಬಂದವರು ನಮ್ಮ ಭಾಗದಲ್ಲಿ ಸಾಕಷ್ಟಿದ್ದಾರೆ. ಮನೆಯ ಹಣಕಾಸು ಬಿಗಿಯಾಗಿದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎಂಎಸ್ ಅಥವಾ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪದವಿ), ಎರಡೂ ಮೂರು ವರ್ಷ, ಎರಡಕ್ಕೂ ಮಾನ್ಯತೆ ಸಮ. ಎರಡು ವರ್ಷದ ಡಿಪ್ಲೊಮಾವೂ ಇದೆ, ಆದರೆ ಬೋಧಕ ಹುದ್ದೆಗೆ ಹೋಗುವ ಆಸೆ ಇದ್ದರೆ ಎಂಎಸ್ ಅಥವಾ ಡಿಎನ್‌ಬಿಯೇ ನೇರ ದಾರಿ. ಸೀಟು ಒಪ್ಪುವ ಮೊದಲು ಆ ಕಾಲೇಜಿನ ಎರಡನೇ ವರ್ಷದ ಪಿಜಿಗೆ ಫೋನ್ ಮಾಡಿ. ತಿಂಗಳಿಗೆ ಎಷ್ಟು ಹೆರಿಗೆ? ಸಿಸೇರಿಯನ್ ಮೊದಲ ಬಾರಿ ಕೈಗೆ ಕೊಟ್ಟದ್ದು ಯಾವಾಗ? ರಾತ್ರಿ ಎರಡಕ್ಕೆ ಕರೆದರೆ ಸೀನಿಯರ್ ಬರುತ್ತಾರಾ? ಫೋರ್ಸೆಪ್ಸ್, ವ್ಯಾಕ್ಯೂಮ್ ಕಲಿಸುತ್ತಾರಾ, ಇಲ್ಲ ಎಲ್ಲಕ್ಕೂ ಸಿಸೇರಿಯನ್ನೇ? ರಕ್ತನಿಧಿ ಆವರಣದಲ್ಲೇ ಇದೆಯಾ? ಮೂರನೇ ಪ್ರಶ್ನೆಯ ಉತ್ತರ ತಡವರಿಸಿ ಬಂದರೆ ಆ ಸೀಟಿನ ಬಗ್ಗೆ ಎರಡು ಸಲ ಯೋಚಿಸಿ.

ಗಂಡುಮಕ್ಕಳು ಈ ಶಾಖೆ ತೆಗೆದುಕೊಳ್ಳಬಹುದಾ ಎಂದು ಬಹಳ ಜನ ಕೇಳುತ್ತಾರೆ. ಖಂಡಿತ ತೆಗೆದುಕೊಳ್ಳಬಹುದು. ನಮ್ಮ ಕಡೆ "ಲೇಡಿ ಡಾಕ್ಟ್ರೇ ಬೇಕ್ರಿ" ಎನ್ನುವವರು ಹೆಚ್ಚು ಎಂಬುದು ನಿಜ, ಶುರುವಿನ ವರ್ಷಗಳಲ್ಲಿ ಖಾಸಗಿ ಒಪಿಡಿ ತುಂಬಲು ಸಮಯ ಹಿಡಿಯುತ್ತದೆ. ತಪಾಸಣೆಯ ಹೊತ್ತಿಗೆ ಹೆಣ್ಣು ಸಿಬ್ಬಂದಿ ಪಕ್ಕದಲ್ಲಿರಲೇಬೇಕು. ಕಷ್ಟದ ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ವಿಭಾಗಗಳಲ್ಲಿ ಹೆಸರು ಮಾಡಿದ ಗಂಡಸರು ಎಷ್ಟೋ ಮಂದಿ. ಮೃದುವಾಗಿ ಮಾತಾಡುವ, ಕೇಳದೆ ಮುಟ್ಟದ ಡಾಕ್ಟರನ್ನು ಹೆಣ್ಣುಮಕ್ಕಳು ನಂಬುತ್ತಾರೆ.

ಲೇಬರ್ ರೂಮಿನ ಮೂರು ವರ್ಷ

ಮೊದಲ ವರ್ಷದ ಪಿಜಿಯ ಕೆಲಸ ನೋಡುವುದು, ಬರೆಯುವುದು, ಮತ್ತೆ ನೋಡುವುದು. ಬಿಪಿ, ನಾಡಿ, ಕೂಸಿನ ಎದೆಬಡಿತ, ಬ್ಯಾನಿಯ ಲೆಕ್ಕ, ಗರ್ಭಕೊರಳು ಎಷ್ಟು ಸೆಂಟಿಮೀಟರ್ ತೆರೆದಿದೆ, ಎಲ್ಲ ಪಾರ್ಟೋಗ್ರಾಂ ಎಂಬ, ಹೆರಿಗೆ ಹೇಗೆ ಸಾಗುತ್ತಿದೆ ಎಂದು ತೋರಿಸುವ ಹಾಳೆಯಲ್ಲಿ ಗುರುತು ಹಾಕಬೇಕು. ಆ ಹಾಳೆಯ ಮೇಲೆ ಎಚ್ಚರಿಕೆಯ ಗೆರೆ ಒಂದು, ಅದರಿಂದ ನಾಲ್ಕು ತಾಸು ಬಲಕ್ಕೆ ಕ್ರಮದ ಗೆರೆ ಇನ್ನೊಂದು. ಹೆರಿಗೆ ಆದ ಮೇಲೆ ಕೂತು ಪಾರ್ಟೋಗ್ರಾಂ ತುಂಬುವ ಚಾಳಿ ಕೆಲವು ಕಡೆ ಇದೆ. ಅದನ್ನು ಮೊದಲ ದಿನವೇ ದೂರ ಇಡಿ. ಕಾಯಬೇಕೋ ಕೈ ಹಾಕಬೇಕೋ ಎಂದು ಹೇಳಿಕೊಡುವ ಹಾಳೆ ಅದು.

ಎರಡನೇ ವರ್ಷ ಸಿಸೇರಿಯನ್, ಗರ್ಭಪಾತದ ತೊಡಕುಗಳು, ನಾಳದಲ್ಲಿ ನಿಂತ ಗರ್ಭ, ಸ್ಕ್ಯಾನಿಂಗ್. ಮೂರನೇ ವರ್ಷ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ, ಲ್ಯಾಪ್ರೊಸ್ಕೋಪಿ, ಕಿರಿಯರಿಗೆ ಕಲಿಸುವುದು. ನಡುವೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ ಇರುತ್ತದೆ. ಅದನ್ನು ರಜೆ ಎಂದುಕೊಳ್ಳಬೇಡಿ. ಪ್ರೊಫೆಸರ್ ಇಲ್ಲದ ಜಾಗದಲ್ಲಿ ನಿಮ್ಮ ಬುದ್ಧಿ ಹೇಗೆ ಓಡುತ್ತದೆ ಎಂದು ತಿಳಿಯುವುದು ಅಲ್ಲೇ.

ಹೆರಿಗೆ ನಂತರದ ರಕ್ತಸ್ರಾವವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಸಹಜ ಹೆರಿಗೆಯಲ್ಲಿ 500 ಮಿಲಿಲೀಟರ್ ದಾಟಿದರೆ ಅಪಾಯ ಎಂದು ಪುಸ್ತಕ. ನಮ್ಮಲ್ಲಿ ಹಿಮೋಗ್ಲೋಬಿನ್ ಏಳು-ಎಂಟು ಇಟ್ಟುಕೊಂಡೇ ಬ್ಯಾನಿಗೆ ಬರುವ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ಅದಕ್ಕಿಂತ ಕಡಿಮೆಯೂ ತಡೆಯುವುದಿಲ್ಲ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಟ್ಟಾಗಿದೆ, ಮಾಸು ಬಿದ್ದಿದೆ, ಆದರೂ ರಕ್ತ ನಿಲ್ಲುತ್ತಿಲ್ಲ. ಮೊದಲು ಗಟ್ಟಿಯಾಗಿ ಕೂಗಿ ಜನರನ್ನು ಕರೆಯಿರಿ, ಒಬ್ಬರೇ ಧೈರ್ಯ ಮಾಡುವ ಹೊತ್ತಲ್ಲ ಅದು. ಒಂದು ಕೈ ಹೊಟ್ಟೆಯ ಮೇಲಿಟ್ಟು ಗರ್ಭಕೋಶವನ್ನು ತಿಕ್ಕಿ ಗಟ್ಟಿ ಮಾಡುತ್ತಿರಬೇಕು, ಇನ್ನೊಬ್ಬರು ಎರಡೂ ಕೈಗೆ ದಪ್ಪ ಸೂಜಿ ಹಾಕಬೇಕು, ಮತ್ತೊಬ್ಬರು ರಕ್ತಕ್ಕೆ ಓಡಬೇಕು. ಮೂತ್ರಕೋಶ ಖಾಲಿ ಮಾಡಿ. ಮಾಸನ್ನು ಬೆಳಕಿಗೆ ಹಿಡಿದು ತುಣುಕು ಒಳಗೆ ಉಳಿದಿದೆಯೇ ನೋಡಿ. ಒಳಗೆ ಎಲ್ಲಿಯಾದರೂ ಹರಿದಿದೆಯೇ ನೋಡಿ. ರಕ್ತ ನಿಲ್ಲಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ, ಹೆರಿಗೆಯಾದ ಮೂರು ತಾಸಿನೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಿಲ್ಲದಿದ್ದರೆ ಗರ್ಭಕೋಶದೊಳಗೆ ಒತ್ತಿ ಹಿಡಿಯುವ ಬಲೂನು, ಅದಕ್ಕೂ ಬಗ್ಗದಿದ್ದರೆ ಥಿಯೇಟರ್. ಈ ಕ್ರಮ ನಿದ್ದೆಗಣ್ಣಲ್ಲೂ ಕೈಗೆ ಬರಬೇಕು. ಬಿಡುವಿದ್ದಾಗ ನರ್ಸ್‌ಗಳೊಡನೆ ಸೇರಿ ಅಣಕು ಅಭ್ಯಾಸ ಮಾಡುವ ಯೂನಿಟ್ ಸಿಕ್ಕರೆ ನೀವು ಪುಣ್ಯವಂತರು.

ಪ್ರಬಂಧ ಬರೆಯುವುದು ಕಡ್ಡಾಯ. ಆರು ತಿಂಗಳೊಳಗೆ ವಿಷಯ ಒಪ್ಪಿಸಬೇಕಾಗುತ್ತದೆ, ಗಡಿಬಿಡಿಯಲ್ಲಿ ಹಳೆಯ ವಿಷಯವನ್ನೇ ಎತ್ತಿಕೊಳ್ಳುವವರು ಹೆಚ್ಚು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ ನೆನಪಿಡಿ. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ 1,620 ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಎಎನ್‌ಎಂಗಳ (ಹಳ್ಳಿಯ ಆರೋಗ್ಯ ಸಹಾಯಕಿಯರ) ಕೈಯಿಂದ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಆ ಕೆಲಸವನ್ನು ಜಗತ್ತೆಲ್ಲ ಓದಿತು. ನಿಮ್ಮ ಸುತ್ತಲೂ ಕೇಳಲು ಅಂಥ ಪ್ರಶ್ನೆಗಳು ಬೇಕಾದಷ್ಟಿವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಬಸುರಿ ಕಬ್ಬಿಣದ ಮಾತ್ರೆ ಯಾಕೆ ನುಂಗುವುದಿಲ್ಲ ಎಂಬುದೂ ಒಂದು ಒಳ್ಳೆಯ ಪ್ರಬಂಧವೇ.

ಓದು ಮುಗಿದ ಮೇಲೆ

ಮೊದಲು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪಿಜಿ ಪದವಿಯನ್ನು ದಾಖಲಿಸಿ. ಕಡ್ಡಾಯ ಸರ್ಕಾರಿ ಸೇವೆಯ ಕಾಯ್ದೆ 2012ರದು. ಆಮೇಲೆ ತಿದ್ದುಪಡಿ ಆಗಿರುವುದರಿಂದ ನಿಮ್ಮ ಬ್ಯಾಚ್‌ಗೆ ಅನ್ವಯಿಸುವ ಆದೇಶವನ್ನು ಓದಿ. ಸೀಟು ಪಡೆಯುವಾಗ ಬರೆದುಕೊಟ್ಟ ಬಾಂಡ್‌ನ ಪ್ರತಿ ಕೈಯಲ್ಲಿರಲಿ.

ಕಲಿಸುವ ಆಸೆ ಇದ್ದರೆ ಮಾನ್ಯತೆ ಪಡೆದ ಕಾಲೇಜಿನಲ್ಲಿ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ (ಪಿಜಿ ಮುಗಿದ ಮೇಲಿನ ಹಿರಿಯ ವೈದ್ಯರ ಕೆಲಸ) ಮಾಡಿ ಸಹಾಯಕ ಪ್ರಾಧ್ಯಾಪಕರಾಗಬಹುದು. ಬೋಧನೆ ಬೇಡ ಎನ್ನುವವರಿಗೂ ಆ ಒಂದು ವರ್ಷ ಮಾಡಿ ಎನ್ನುತ್ತೇನೆ. ನಿರ್ಧಾರ ನಿಮ್ಮದು, ಆದರೆ ಕೇಳಲು ಪ್ರೊಫೆಸರ್ ಇನ್ನೂ ಇದ್ದಾರೆ, ಅಂಥ ವರ್ಷ ಮತ್ತೆ ಸಿಗುವುದಿಲ್ಲ. ಇನ್ನೂ ಓದುವವರಿಗೆ ಸ್ತ್ರೀ ಕ್ಯಾನ್ಸರ್‌ನಲ್ಲಿ ಮೂರು ವರ್ಷದ ಎಂಸಿಎಚ್, ಬಂಜೆತನ ಚಿಕಿತ್ಸೆ, ಭ್ರೂಣ ವೈದ್ಯಶಾಸ್ತ್ರ, ಲ್ಯಾಪ್ರೊಸ್ಕೋಪಿ ಫೆಲೋಶಿಪ್‌ಗಳಿವೆ. ಇವಕ್ಕೆ ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋಗಬೇಕಾಗುತ್ತದೆ.

ಸ್ವಂತ ನರ್ಸಿಂಗ್ ಹೋಂ ಎಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆ ಕೆಪಿಎಂಇ ಪ್ರಕಾರ ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ತ್ಯಾಜ್ಯ ಪರವಾನಗಿ, ಗರ್ಭಪಾತ ಕೇಂದ್ರದ ಅನುಮತಿ, ಸ್ಕ್ಯಾನಿಂಗ್ ಯಂತ್ರದ ನೋಂದಣಿ ಇವೆಲ್ಲ ಬಾಗಿಲು ತೆಗೆಯುವ ಮೊದಲೇ ಆಗಬೇಕು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ 1994ರದು. ಬಸುರಿಯ ಪ್ರತಿ ಸ್ಕ್ಯಾನ್‌ಗೂ ಫಾರಂ ಎಫ್ ತುಂಬಬೇಕು, ತಿಂಗಳ ವರದಿ ಮುಂದಿನ ತಿಂಗಳು 5ರೊಳಗೆ ಹೋಗಬೇಕು. "ಏನೈತಿ ಅಂತ ಸನ್ನಿ ಮಾಡ್ರಿ ಸಾಕು" ಎಂದು ಕೇಳುವವರು ಬಂದೇ ಬರುತ್ತಾರೆ. ಪರಿಚಯದವರು, ಸಂಬಂಧಿಕರು, ಊರ ಹಿರಿಯರು, ಯಾರೇ ಇರಲಿ, ಮೊದಲ ಸಲವೇ ಖಡಾಖಂಡಿತವಾಗಿ ಇಲ್ಲ ಎನ್ನಿ. ಗರ್ಭಪಾತಕ್ಕೆ 1971ರ ಕಾಯ್ದೆ, 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 24ರವರೆಗೆ ಕಾನೂನು ಹೇಳಿದ ವರ್ಗದವರಿಗೆ ಇಬ್ಬರದು ಬೇಕು. ಹದಿನೆಂಟು ತುಂಬದ ಹುಡುಗಿ ಬಸುರಾಗಿ ಬಂದರೆ, ಕೊರಳಲ್ಲಿ ತಾಳಿ ಇದ್ದರೂ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಬಾಲ್ಯವಿವಾಹ ಇನ್ನೂ ನಿಂತಿಲ್ಲದ ನಮ್ಮ ಕಡೆ ಈ ಸಂದರ್ಭ ಅಪರೂಪವಲ್ಲ. ಚಿಕಿತ್ಸೆ ನಿಲ್ಲಿಸಬೇಡಿ, ಹುಡುಗಿಯ ಹೆಸರು ಹೊರಗೆ ಹೋಗಲು ಬಿಡಬೇಡಿ.

ತಾಲೂಕು ಆಸ್ಪತ್ರೆಗೆ ಹೋಗುವವರಿಗೆ

ನನಗೆ ಹೆಚ್ಚು ಹೇಳಬೇಕಿರುವುದು ಇವರಿಗೆ. ಮುಂಡರಗಿ, ರೋಣ, ಹಿರೇಕೆರೂರು, ಹಾನಗಲ್, ಸವಣೂರಿನಂಥ ಊರಿನಲ್ಲಿ ಒಬ್ಬ ಒಳ್ಳೆಯ ಪ್ರಸೂತಿ ತಜ್ಞೆ ಕೂತರೆ ಆ ತಾಲೂಕಿನ ಚಹರೆಯೇ ಬದಲಾಗುತ್ತದೆ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60, ಹಾವೇರಿಯಿಂದ ಸುಮಾರು 75 ಕಿಲೋಮೀಟರ್. ತಾಲೂಕಿನ ಹಳ್ಳಿಯಿಂದ ಇನ್ನೂ ದೂರ. ರಕ್ತ ಸೋರುತ್ತಿರುವ ಬಾಣಂತಿಗೆ ಅಷ್ಟು ದಾರಿ ಬಹಳ ದೊಡ್ಡದು.

ಇಲ್ಲಿಯ ರೂಢಿಯೊಂದನ್ನು ತಿಳಿದಿರಿ. ಚೊಚ್ಚಲ ಬಸುರಿ ಕುಬಸ (ಸೀಮಂತ) ಮುಗಿದ ಮೇಲೆ ತವರಿಗೆ ಬರುತ್ತಾಳೆ. ಏಳು ತಿಂಗಳು ನೋಡಿದ ಡಾಕ್ಟರ್ ಎಲ್ಲೋ, ಹೆರಿಗೆ ಮಾಡಿಸುವವರು ನೀವು. ಕೈಯಲ್ಲಿ ಹಳೆಯ ಚೀಟಿ ಇರಬಹುದು, ಇಲ್ಲದಿರಬಹುದು. ಹಾಗಾಗಿ ನೀವು ನೋಡಿದ ಪ್ರತಿ ಬಸುರಿಯ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಸ್ಕ್ಯಾನ್ ಪ್ರಕಾರ ದಿನ, ಹಿಂದಿನ ಸಿಸೇರಿಯನ್ ಯಾಕಾಯಿತು ಎಂಬುದನ್ನು ಓದಲು ಬರುವ ಅಕ್ಷರದಲ್ಲಿ ಬರೆಯಿರಿ. ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ಶಿಬಿರಕ್ಕೆ ಆಶಾ ಕಾರ್ಯಕರ್ತೆಯರು ಕರೆತರುವವರಲ್ಲಿ ಅಪಾಯದ ಬಸುರಿಯರ ಪಟ್ಟಿ ಬೇರೆ ಮಾಡಿ, ಅವರ ಊರು, ಆಶಾ ಯಾರು ಎಂದು ಬರೆದಿಟ್ಟುಕೊಳ್ಳಿ.

ಕಳಿಸುವಾಗ ಸರಿಯಾಗಿ ಕಳಿಸಿ. "ಹೈಯರ್ ಸೆಂಟರ್‌ಗೆ ರೆಫರ್" ಎಂದು ಒಂದು ಸಾಲು ಗೀಚಿ ಆಂಬುಲೆನ್ಸ್ ಹತ್ತಿಸಿದರೆ ಹುಬ್ಬಳ್ಳಿಯಲ್ಲಿ ಇಳಿಸಿಕೊಳ್ಳುವವರಿಗೆ ಮೊದಲಿನಿಂದ ಶುರು. ಎಷ್ಟು ಹೊತ್ತಿಗೆ ಬಂದಳು, ಏನು ಕಂಡಿರಿ, ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟಿರಿ, ಯಾಕೆ ಕಳಿಸುತ್ತಿದ್ದೀರಿ, ಇಷ್ಟು ಬರೆಯಿರಿ. ಬಿಪಿ ಏರಿ ಝಟಕಿ (ಫಿಟ್ಸ್) ಬಂದವಳಿಗೆ ಮೆಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸ್, ಎರಡೂ ಪಿರ್ರೆಯ ಸ್ನಾಯುವಿಗೆ ಐದೈದು ಗ್ರಾಂ, ಕೊಟ್ಟೇ ಹತ್ತಿಸಿ. ಜೊತೆಗೆ ನರ್ಸ್ ಹೋಗಲಿ. ನೀವೇ ಫೋನ್ ಮಾಡಿ ಆ ಕಡೆಯ ಡ್ಯೂಟಿ ಡಾಕ್ಟರಿಗೆ ಹೇಳಿ.

ಕೆಲಸ ಒಪ್ಪುವ ಮೊದಲು ಒಂದು ದಿನ ಸುಮ್ಮನೆ ಆ ಆಸ್ಪತ್ರೆಗೆ ಹೋಗಿ ಬನ್ನಿ. ಅರಿವಳಿಕೆ ತಜ್ಞರು ಊರಲ್ಲೇ ಇರುತ್ತಾರೋ, ವಾರಕ್ಕೆ ಎರಡು ದಿನ ಬರುವವರೋ? ಮಕ್ಕಳ ಡಾಕ್ಟರ್ ಯಾರು? ರಕ್ತ ಸಂಗ್ರಹ ಘಟಕದ ಫ್ರಿಜ್‌ನಲ್ಲಿ ಈ ಹೊತ್ತು ಎಷ್ಟು ಬಾಟಲಿ ಇವೆ? ರಾತ್ರಿ ಕರೆಂಟು ಹೋದರೆ ಜನರೇಟರ್ ಯಾರು ಹಚ್ಚುತ್ತಾರೆ? ಉಳಿದುಕೊಳ್ಳುವ ಕ್ವಾರ್ಟರ್ಸ್‌ನಿಂದ ಲೇಬರ್ ರೂಮಿಗೆ ಎಷ್ಟು ನಿಮಿಷ? ಆಡಳಿತದವರನ್ನು ಕೇಳಿ, ಆಮೇಲೆ ರಾತ್ರಿ ಪಾಳಿಯ ಸ್ಟಾಫ್ ನರ್ಸ್‌ಗೂ ಅದೇ ಪ್ರಶ್ನೆಗಳನ್ನು ಕೇಳಿ. ಎರಡೂ ಉತ್ತರ ಬರೆದುಕೊಳ್ಳಿ. ಕೊರತೆ ಇದ್ದದ್ದನ್ನು ಸೇರುವ ಮೊದಲೇ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ.